ದೊಡ್ಡ ಹಗೇವಿನ ಬಾಯಿ

ಅದು ಬಿರುಬೇಸಿಗೆ. ಬಾದಾಮಿ ಅಮಾವಾಸ್ಯೆ ಹತ್ತಿರ ಬಂದಿತ್ತು, ರೋಹಿಣಿ ಮಳೆಯ ಸುಳಿವಿರಲಿಲ್ಲ. ಹೊತ್ತು ಹುಟ್ಟಿ ಒಂದು ಮಾರು ಮೇಲೇರಿದಾಗ ಸಾಹುಕಾರರ ವಾಡೆಯ ವಾಲೀಕಾರ ಈರಪ್ಪ ಬಂದು ಮಾದರ ಕೇರಿಯ ಬೇವಿನ ಗಿಡದ ಆಚೆ ನಿಂತ. ಗಿಡ ದಾಟಿ ಈಚೆ ಬರುವವನಲ್ಲ ಅವನು. ಅಲ್ಲಿಂದಲೇ ಕೂಗಿದ.

"ಏ ಚಂದ್ಯಾ, ವಾಡೇದಾಗ ಕರದಾರ ಬಾ. ಮಿಣಿ ತಗೊಂಡ ಬಾ."

ತಾಯವ್ವ ಗುಡಿಸಲ ಮುಂದೆ ಹುರಿದ ಹುಣಸೆ ಬೀಜ ಕುಟ್ಟುತ್ತಿದ್ದಳು. ಮಿಣಿ ಎಂಬ ಮಾತು ಕಿವಿಗೆ ಬಿದ್ದು ಅವಳ ಒನಕೆ ನಿಂತಿತು. ಮಿಣಿ ಎಂದರೆ ತೊಗಲಿನ ಹಗ್ಗ. ಹೊಲಕ್ಕೆ ಕರೆದರೆ ಕುರ್ಪಿ ತಾ ಎನ್ನುತ್ತಾರೆ. ಸತ್ತ ದನಕ್ಕೆ ಕರೆದರೆ ಕತ್ತಿ ತಾ ಎನ್ನುತ್ತಾರೆ. ಮಿಣಿ ತಾ ಎಂದರೆ ನೆಲದಲ್ಲಿ ಜೋಳ ಹೂಳಿದ ಹಗೇವು ತೆಗೆಯುತ್ತಾರೆ ಎಂದೇ ಅರ್ಥ.

ಗುಡಿಸಲ ನೆರಳಲ್ಲಿ ಕೂತಿದ್ದ ಅತ್ತೆ ದುರಗವ್ವ ಕೇಳಿದಳು, "ಯಾವ ಹಗೇವೋ ಈರಪ್ಪಾ?"

"ದೊಡ್ಡದು ಬೇ."

ತಾಯವ್ವನ ಕೈ ತಾನಾಗೇ ಹೊಟ್ಟೆಯ ಮೇಲೆ ಹೋಯಿತು. ಅವಳಿಗೆ ನೀರು ನಿಂತು ಮೂರನೆಯ ತಿಂಗಳು. ಹಿಂದೊಮ್ಮೆ ಹೇಳಿಕೊಂಡ ಮೇಲೆ ಬಸಿರು ಇಳಿದುಹೋಗಿತ್ತು. ಅದಕ್ಕೇ ಈ ಸಲ ಅತ್ತೆಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗಂಡ ಚಂದಪ್ಪನಿಗೂ ಹೇಳಿರಲಿಲ್ಲ.

ಹಿರೇದಿನ್ನಿ ಮುಧೋಳ ಸಂಸ್ಥಾನದ ಮೂಡಣ ಅಂಚಿಗೆ ದಿಬ್ಬದ ಮೇಲೆ ಕೂತ ಸಣ್ಣ ಪೇಟೆ. ಕೆಳಗೆ ಸುತ್ತಲೂ ಎರೆಹೊಲ. ಎರೆಮಣ್ಣು ಬಿಳಿಜೋಳ ಕೊಡುತ್ತದೆ, ಆದರೆ ಅದರಲ್ಲಿ ಕಾಳು ಹೂಳಿದರೆ ನೀರು ಜಿನುಗಿ ಮುಗ್ಗುತ್ತದೆ. ದಿಬ್ಬದ ಮೇಲಿನ ಗರಸು ನೆಲ ಮಳೆಗಾಲದಲ್ಲೂ ಒಣ. ಹಿಂದಿನವರು ಆ ದಿಬ್ಬದಲ್ಲಿ ಮೊದಲು ಹಗೇವು ತೋಡಿದರು. ಹಗೇವು ಕಾಯಲಿಕ್ಕೆ ವಾಡೆ ಕಟ್ಟಿದರು. ವಾಡೆಗೆ ಗೋಡೆ ಬಂತು, ಗೋಡೆಗೆ ಅಗಸೆಬಾಗಿಲು ಬಂತು, ಅಗಸೆಯ ಮುಂದೆ ಪೇಟೆ ಬೆಳೆಯಿತು. ಊರಿನ ಕಥೆ ಹೇಳಿರಿ ಎಂದರೆ ದೊಡ್ಡವರು ವಾಡೆಯಿಂದ ಸುರುಮಾಡುತ್ತಾರೆ. ದುರಗವ್ವ ಹಗೇವಿನಿಂದ ಸುರುಮಾಡುತ್ತಿದ್ದಳು. ತೋಡಿದವರು ಅವಳ ಗಂಡನ ಹಿರಿಯರು.

ಹಗೇವಿನ ಬಾಯಿ ಒಬ್ಬ ಆಳು ಇಳಿಯುವಷ್ಟು ಸಣ್ಣದು, ಹೊಟ್ಟೆ ಒಂದು ಮನೆಯಷ್ಟು ದೊಡ್ಡದು. ಒಳಗೋಡೆಗೆ ಹುಲ್ಲು ಹಚ್ಚಿ, ಸುಗ್ಗಿಯ ಜೋಳ ಸುರುವಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರು ಕೂಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದು ಮೂಗಿಗೆ ಹೊಕ್ಕರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಅದಕ್ಕೇ ಚಪ್ಪಡಿ ಸರಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಬೇವಿನ ತೊಪ್ಪಲ ಕಟ್ಟು ಇಳಿಬಿಟ್ಟು ಜಗ್ಗಿ, ಇಳಿಬಿಟ್ಟು ಜಗ್ಗಿ ಒಳಗಿನದನ್ನು ಕದಡಬೇಕು. ಕಡೆಗೆ ದೀಪ ಇಳಿಬಿಡಬೇಕು. ದೀಪ ಉಳಿದರೆ ಆಳು ಇಳಿಯಬೇಕು. ಇದು ಊರಲ್ಲಿ ಎಲ್ಲರಿಗೂ ಗೊತ್ತು. ವಾಡೆಗೂ ಗೊತ್ತು.

ಇಳಿಯುವವನು ಮಾದರವನೇ. ಕೆಳಗೆ ಅವನು ಜೋಳದ ಮೇಲೆ ಬರಿಗಾಲಲ್ಲಿ ನಿಲ್ಲಬಹುದು. ಬೊಗಸೆಯಿಂದ ಬುಟ್ಟಿ ತುಂಬಬಹುದು. ಅವನ ಬೆವರು ಕಾಳಿಗೆ ಬೀಳಬಹುದು. ನೆಲದ ಕೆಳಗೆ ಮೈಲಿಗೆ ಇಲ್ಲ. ಅದೇ ಜೋಳ ಮೇಲೆ ಬಂದು ಚೀಲಕ್ಕೆ ಬಿದ್ದ ಮೇಲೆ ಅವನು ಬೆರಳು ತಾಗಿಸಿದರೆ ಬೆನ್ನು ಮುರಿಯುತ್ತಾರೆ. ಅವನ ಕೂಲಿ ಗೋಡೆಗೆ ಅಂಟಿ ಕರ್ರಗಾದ ಜೋಳ. ಗ್ವಾಡಿಜ್ವಾಳ ಎನ್ನುತ್ತಾರೆ. ಅದರ ರೊಟ್ಟಿ ಕಹಿ. ತಿಂದವರ ಬಾಯಿಂದ ವಾಸನೆ ಹೋಗುವುದಿಲ್ಲ. ಪೇಟೆಯಲ್ಲಿ ಆ ವಾಸನೆ ಹಿಡಿದೇ ಮಾದರ ಮಕ್ಕಳನ್ನು ದೂರ ಸರಿಸುತ್ತಿದ್ದರು.

ಹೆಂಗಸರಿಗೆ ಬೇರೆ ಕಟ್ಟಳೆ. ಯಾವ ಜಾತಿಯವಳೂ ತೆರೆದ ಹಗೇವಿನ ಹತ್ತಿರ ಸುಳಿಯಬಾರದು. ಮುಟ್ಟಾಗಿ ಹೊರಗಾದವಳ ನೆರಳು ಬಾಯಿಯ ಮೇಲೆ ಬಿದ್ದರೆ ಒಳಗಿನ ಜೋಳವೆಲ್ಲ ಮೈಲಿಗೆ. ಅದನ್ನು ವಾಡೆಯವರು ಉಣ್ಣುವಂತಿಲ್ಲ, ದೇವರಿಗೆ ಎತ್ತಿಡುವಂತಿಲ್ಲ.

ದೊಡ್ಡ ಹಗೇವು ದುರಗವ್ವನ ಹಿರಿಮಗ ಯಮನಪ್ಪನನ್ನು ನುಂಗಿತ್ತು. ಆಗ ತಾಯವ್ವ ಈ ಮನೆಗೆ ಹೊಸಬಳು. ವಾಡೆಯ ಮದುವೆಗೆ ಜೋಳ ಬೇಕಾಗಿ ಗಡಿಬಿಡಿಯಲ್ಲಿ ಚಪ್ಪಡಿ ಸರಿಸಿ ಆಗಿಂದಾಗ ಅವನನ್ನು ಇಳಿಸಿದ್ದರು. ಮಿಣಿ ಜಗ್ಗಿದಾಗ ಅವನು ಚೀಲದ ಹಾಗೆ ಮೇಲೆ ಬಂದ. ಮಿಣಿ ಕಂಕುಳ ಕೊರೆದಿತ್ತು. ಬಾಯಿ ತುಂಬ ಜೋಳ. ಹೆಣಕ್ಕೆ ನೀರು ಹಾಕುವಾಗ ತಾಯವ್ವ ತಲೆ ಹಿಡಿದಿದ್ದಳು. ಕಿವಿಯಿಂದಲೂ ಕಾಳು ಉದುರಿದವು. ವಾಡೆಯಿಂದ ಒಂದು ಕಂಬಳಿ ಬಂತು, ಒಂದು ಬುಟ್ಟಿ ಗ್ವಾಡಿಜ್ವಾಳ ಬಂತು, ಇನ್ನು ಮುಂದೆ ಮಿಣಿ ತಮ್ಮನದು ಎಂಬ ಹೇಳಿಕೆ ಬಂತು. ಆ ಜೋಳವನ್ನು ದುರಗವ್ವ ತಿಪ್ಪೆಗೆ ಸುರಿದಳು. ಮಿಣಿಯನ್ನು ಚಂದಪ್ಪ ಗಳಕ್ಕೆ ತೂಗುಹಾಕಿದ. ಅದರ ಕೆಳಗೆ ತಾಯವ್ವ ಎಂದೂ ಮಲಗಲಿಲ್ಲ.

ಈಗ ಚಂದಪ್ಪ ಆ ಮಿಣಿ ಇಳಿಸಿಕೊಂಡು ಹೆಗಲಿಗೆ ಹಾಕಿಕೊಂಡ.

"ಇವತ್ತ ಚಪ್ಪಡಿ ತೆಗೀತಾರಲ್ಲಾ, ನಾಳಿ ಇಳದರಾತು" ಎಂದ. ಹೆಂಡತಿಗೆ ಹೇಳಿದನೋ ತನಗೇ ಹೇಳಿಕೊಂಡನೋ.

"ನಾಳಿ ಇಲ್ಲೋ ಮಾರಾಯಾ" ಎಂದ ಈರಪ್ಪ. "ಬಂಡಿ ಹೂಡಿ ನಿಂತಾವ. ಲಗೂನ ನಡಿ."

ಇಬ್ಬರೂ ಹೋದರು. ತಾಯವ್ವ ಒನಕೆ ಬಿಟ್ಟು ನಡೆದಳು.

"ಎಲ್ಲಿಗೆ ಬೇ?" ಎಂದಳು ದುರಗವ್ವ.

"ನೋಡಾಕ."

"ಹೆಂಗಸರು ಹೋಗೂ ಜಾಗಾ ಅಲ್ಲದು."

ತಾಯವ್ವ ತಿರುಗಿ ನೋಡಲಿಲ್ಲ. ಮುದುಕಿ ಕೋಲು ಹುಡುಕಿಕೊಂಡು ಹಿಂದೆಯೇ ಎದ್ದಳು.

ವಾಡೆಯ ಹಿಂದಿನ ಬಯಲಲ್ಲಿ ಬಂಡಿಗಳು ಸಾಲಾಗಿ ನಿಂತಿದ್ದವು. ಸಾಹುಕಾರ ಅಣ್ಣಾಸಾಹೇಬ ಕಟ್ಟೆಯ ಮೇಲೆ ಛತ್ರಿಯ ನೆರಳಲ್ಲಿ ಕೂತಿದ್ದ. ಕಾರಭಾರಿ ಗಿರಮಲ್ಲಪ್ಪ ದೊಡ್ಡ ಹಗೇವಿನ ಸುತ್ತ ಓಡಾಡುತ್ತಿದ್ದ. ಚಪ್ಪಡಿ ಆಗಷ್ಟೇ ಸರಿದಿತ್ತು, ಕಿತ್ತ ಮಣ್ಣು ಇನ್ನೂ ಹಸಿಯಾಗಿತ್ತು. ತಾಯವ್ವ ಬಂಡಿಯ ಗಾಲಿಯ ಹಿಂದೆ ನಿಂತಳು. ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಜರ್ಮನಿ ಯುದ್ಧದ ಕಾಲ. ರಬಕವಿ ಬನಹಟ್ಟಿಯಲ್ಲಿ ನೇಕಾರರು ಹಸಿದು ಮಗ್ಗದ ಮುಂದೆ ಕೂತಿದ್ದರು. ಸಂಸ್ಥಾನದಲ್ಲಿ ಲೇವಿ ಬಿದ್ದಿತ್ತು, ಅಳೆಯುವ ಮಂದಿ ಊರೂರು ತಿರುಗಿ ಹಗೇವು ತೆರೆಸಿ ಜೋಳ ಒಯ್ಯುತ್ತಿದ್ದರು. ಮರುದಿನ ಹಿರೇದಿನ್ನಿಯ ಸರದಿ. ಅವರು ಬರುವುದರೊಳಗೆ ದೊಡ್ಡ ಹಗೇವು ಬರಿದಾಗಬೇಕು, ಜೋಳ ತೋಟದ ಮನೆಯಲ್ಲಿ ಅಡಗಬೇಕು. ವಾಡೆಯ ಅವಸರ ಅದು.

ಚಂದಪ್ಪ ಕೈಮುಗಿದು ದೂರ ನಿಂತು ಹೇಳಿದ, "ದೀಪಾ ಬಿಟ್ಟ ನೋಡೂಣ್ರಿ."

ಗಿರಮಲ್ಲಪ್ಪ ಕಂದೀಲು ಹಚ್ಚಿಸಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಬಾಯಿ ದಾಟಿ ಅದು ಒಂದಾಳು ಇಳಿದಿತ್ತೋ ಇಲ್ಲವೋ. ಯಾರೋ ಬೆರಳಲ್ಲಿ ಒತ್ತಿದ ಹಾಗೆ ಆರಿತು.

"ಗಾಳಿಗೆ ಆರೇತಿ" ಎಂದ ಗಿರಮಲ್ಲಪ್ಪ.

"ಒಳಗ ಎಲ್ಲೀ ಗಾಳೀರಿ" ಎಂದ ಚಂದಪ್ಪ, ನೆಲ ನೋಡುತ್ತ.

ಮತ್ತೆ ಹಚ್ಚಿ ಇಳಿಬಿಟ್ಟರು. ಮತ್ತೆ ಆರಿತು. ಬಂಡಿಯವರು ಎತ್ತಿನ ಕೊಂಬು ಸವರುತ್ತ ಬೇರೆ ಕಡೆ ನೋಡಿದರು. ತಾಯವ್ವ ಗಾಲಿಯ ಅರ ಹಿಡಿದುಕೊಂಡಳು.

"ನಾಳಿ ಹೊತ್ತ ಹುಟ್ಟೂದರಾಗ ಇಳೀತೀನ್ರಿ ಯಪ್ಪಾ. ನೀವು ಏಳೂದರಾಗ ಇಳದಿರ್ತೀನಿ" ಎಂದ ಚಂದಪ್ಪ.

"ನಾಳಿ ಇಳದ ಯಾರ ಮನಿ ತುಂಬಸ್ತೀ? ಸಾಯೂ ಅಂಜಿಕಿ ಬಂತೇನಲೇ ದೊಡ್ಡ ಮನಶ್ಯಾಗ?" ಗಿರಮಲ್ಲಪ್ಪ ಬಂಡಿಯವರ ಕಡೆ ನೋಡಿ ನಕ್ಕ. "ಜ್ವಾಳದಾಗ ಬಿದ್ದ ಸಾಯೂದು ಛಲೋ ಅಲ್ಲೇನಲೇ? ಹಸದ ಸಾಯೂಕಿಂತ."

ಕೆಲವರು ನಕ್ಕರು. ಅಣ್ಣಾಸಾಹೇಬ ನಗಲಿಲ್ಲ. ಅವನ ದನಿ ಯಾವಾಗಲೂ ಮೆತ್ತಗೆ.

"ಚಂದ್ಯಾ, ನಿನ್ನ ಗುಡಸಲಾ ಯಾರ ಜಾಗಾದಾಗ ಐತಿ?"

"ನಿಮ್ಮದ್ರಿ."

"ಕುಡಿಯೂ ನೀರು?"

"ನಿಮ್ಮ ಬಾವೀದ್ರಿ."

"ಮತ್ತ ಉಸರೊಂದ ನಿಂದೇನು?"

ಚಂದಪ್ಪ ಹೆಗಲ ಮೇಲಿನ ಮಿಣಿ ಇಳಿಸಿ ಎದೆಗೆ ಸುತ್ತತೊಡಗಿದ. ಅವನಿಗೆ ಹಗೇವಿಗಿಂತ ಆ ಮೆತ್ತಗಿನ ದನಿಯ ಹೆದರಿಕೆ ಹೆಚ್ಚು. ಅದು ಹುಟ್ಟಿದಾಗಿನಿಂದ ಬಂದ ಹೆದರಿಕೆ. ಗಂಟು ಜಾರಿತು, ಮತ್ತೆ ಹಾಕಿದ. ಮಿಣಿ ಅವನ ಕಂಕುಳಲ್ಲಿ ಕೂತಿತು. ಯಮನಪ್ಪನಿಗೆ ಕೊರೆದಿದ್ದ ಅದೇ ಜಾಗದಲ್ಲಿ ಕೂತಿತು. ಅದನ್ನು ತಾಯವ್ವ ನೋಡಿದಳು.

ಆಮೇಲೆ ತಾನು ಹೇಗೆ ನಡೆದೆ ಎಂಬುದು ಅವಳಿಗೇ ನೆನಪಿರಲಿಲ್ಲ. ಧೈರ್ಯ ಬಂತೆಂದಲ್ಲ. ತಲೆ ಹಿಡಿದು ಇನ್ನೊಂದು ಹೆಣ ತೊಳೆಯುವುದು ತನ್ನಿಂದಾಗದು ಎಂಬುದಷ್ಟೇ ಗೊತ್ತಿತ್ತು. ಬಂಡಿಗಳ ನಡುವೆ ಹಾದು ಬಂದಳು. ಯಾರೋ "ಏ, ಏ" ಎಂದರು. ಮುಟ್ಟಿ ತಡೆಯಲು ಯಾರೂ ಮುಂದಾಗಲಿಲ್ಲ, ಮುಟ್ಟುವ ಹಾಗಿರಲಿಲ್ಲ. ನೇರ ಹೋಗಿ ಹಗೇವಿನ ಬಾಯಿಯ ಮೇಲೆ ಕೂತಳು. ಎರಡೂ ಕಾಲು ಒಳಗೆ ಇಳಿಬಿಟ್ಟಳು.

ಮೇಲೆ ಕಾದ ಬಿಸಿಲು, ಒಳಗೆ ಮೊಣಕಾಲ ತನಕ ತಂಪು. ಆ ತಂಪು ಮೆಲ್ಲಗೆ ಮೇಲೆ ಬರುತ್ತಿದೆ ಎನಿಸಿತು. ಯಮನಪ್ಪ ಕೆಳಗಿಂದ ಪಾದ ಹಿಡಿಯುತ್ತಾನೆ ಎನಿಸಿತು. ಎದ್ದು ಓಡಬೇಕೆನಿಸಿತು. ಎದ್ದರೆ ಗಂಡ ಇಳಿಯುತ್ತಾನೆ.

"ನಾ ಹೊರಗಾಗೇನಿ" ಎಂದಳು.

ದನಿ ಹೊರಡಲಿಲ್ಲ. ಮತ್ತೊಮ್ಮೆ ಹೇಳಿದಳು.

"ಹೊರಗಾಗೇನಿ ನಾ. ಹಗೇವ ಮೈಲಿಗಿ ಆತು. ಇನ್ನ ಯಾರನ ಇಳಸ್ತೀರಿ ಇಳಸ್ರಿ."

ಕಟ್ಟೆಯ ಮೇಲೆ ಅಣ್ಣಾಸಾಹೇಬ ಎದ್ದು ನಿಂತ. ಬಂಡಿಯವರಲ್ಲಿ ಒಬ್ಬ ಕೂಡಲೇ ಚೀಲ ಕೆಳಗಿಟ್ಟು ಕೈ ಧೋತರಕ್ಕೆ ಒರೆಸಿಕೊಂಡ.

"ಸುಳ್ಳ ಹೇಳತಾಳ್ರಿ ರಂಡಿ" ಎಂದ ಗಿರಮಲ್ಲಪ್ಪ. "ಗಂಡನ್ನ ಉಳಿಸಿಕೊಳ್ಳಾಕ ಹೇಳತಾಳ."

ದುರಗವ್ವ ಅಷ್ಟರಲ್ಲಿ ಕೋಲೂರುತ್ತ ಬಂದು ಮುಟ್ಟಿದ್ದಳು. ಗಿರಮಲ್ಲಪ್ಪ ಅವಳ ಕಡೆ ತಿರುಗಿದ.

"ಮುದಕಿ, ಆಣಿ ಮಾಡಿ ಹೇಳು. ನಿನ್ನ ಸೊಸಿ ಹೊರಗಾಗ್ಯಾಳ?"

ತಾಯವ್ವ ಅತ್ತೆಯ ಮುಖ ನೋಡಿದಳು. ಬಸಿರು ನಿಂತದ್ದು ಬಲ್ಲವಳು ಅವಳೊಬ್ಬಳೇ. ಈ ಮಾತು ಆಡಿದರೆ ಆ ಬಸಿರನ್ನೇ ಇಲ್ಲವೆಂದ ಹಾಗೆ. ಮುದುಕಿ ಆಣೆಗೆ ಅಂಜುವವಳು, ಊರದೇವಿ ದ್ಯಾಮವ್ವನ ಹೆಸರಲ್ಲಿ ಒಂದು ಚಿಟಿಕೆ ಉಪ್ಪನ್ನೂ ಸುಳ್ಳಾಗಿ ಮುಟ್ಟಿದವಳಲ್ಲ.

"ಹೌದ್ರಿ" ಎಂದಳು ದುರಗವ್ವ. "ದ್ಯಾಮವ್ವನ ಆಣಿ. ನಿನ್ನಿ ಹೊತ್ತ ಮುಣಗೂದಕ ಆಗ್ಯಾಳ. ಗುಡಸಲಾ ಹೊರಗ ನಾನ ಹಾಸಿ ಕೊಟ್ಟೇನಿ."

"ಎಬ್ಬಸಲೇ ಅಕೀನ" ಎಂದು ಗಿರಮಲ್ಲಪ್ಪ ಈರಪ್ಪನಿಗೆ ಬಾರುಕೋಲು ಎಸೆದ. ಉದ್ದನೆಯ ಕೋಲು, ತುದಿಗೆ ತೊಗಲ ಬಾರು. ದೂರ ನಿಂತು ಮುಟ್ಟದೆ ಹೊಡೆಯಬಹುದು. ಆ ಬಾರನ್ನು ಹೆಣೆದು ಕೊಟ್ಟವನು ಚಂದಪ್ಪನೇ.

ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಬೆನ್ನಿಗೆ. ತಾಯವ್ವ ಹೊಟ್ಟೆ ಮುಚ್ಚಿ ಮುಂದಕ್ಕೆ ಬಾಗಿದಳು. ಮುಂದೆ ಬರೀ ಕತ್ತಲೆ. ಬಾಗಿದಷ್ಟೂ ಮುಖ ಹಗೇವಿನ ಬಾಯಿಯ ಹತ್ತಿರ ಹೋಯಿತು. ಹುಳಿಹುಳಿ ವಾಸನೆ ಮೂಗಿಗೆ ಬಡಿಯಿತು, ಕಣ್ಣು ಕತ್ತಲೆಗಟ್ಟಿತು. ಹಿಂದಕ್ಕೆ ಬಾಗಿದರೆ ಏಟು, ಮುಂದಕ್ಕೆ ಬಾಗಿದರೆ ಹಗೇವು. ಉಸಿರು ಬಿಗಿಹಿಡಿದು ಬಾಯಿಯ ಅಂಚಿನ ಕಲ್ಲಿಗೆ ಬೆರಳು ಕೊಟ್ಟು ಕೂತಳು. ಉಗುರು ಕಿತ್ತುಬಂದವು.

ಮುಂದಿನ ಏಟು ಬೀಳಲಿಲ್ಲ. ತಿರುಗಿ ನೋಡಿದಳು. ಚಂದಪ್ಪ ಬಾರು ಹಿಡಿದುಕೊಂಡಿದ್ದ. ಎದೆಗೆ ಮಿಣಿ ಇನ್ನೂ ಸುತ್ತಿಕೊಂಡೇ ಇತ್ತು. ತಲೆ ಎತ್ತಿರಲಿಲ್ಲ. ವಾಡೆಯ ಕಡೆ ನೋಡುವ ಧೈರ್ಯ ಅವನಿಗೆ ಆಗಲೂ ಇರಲಿಲ್ಲ. ಈರಪ್ಪನಿಗೇ ಹೇಳಿದ.

"ಸಾಕ ಮಾಡೋ ಈರಪ್ಪಾ. ನಾ ಇಳ್ಯಾಂಗಿಲ್ಲ."

"ಚಂದ್ಯಾ, ಹುಚ್ಚ ಹಿಡದೈತೇನ ನಿನಗ?" ಎಂದ ಈರಪ್ಪ.

"ಇವತ್ತೂ ಇಳ್ಯಾಂಗಿಲ್ಲ. ನಾಳಿನೂ ಇಳ್ಯಾಂಗಿಲ್ಲ. ಹೇಳು ಅವರಿಗೆ."

ಹೇಳುವುದೇನಿತ್ತು, ಎಲ್ಲರೂ ಕೇಳಿದ್ದರು. ಅವನು ಗಂಟು ಬಿಚ್ಚಿ ಮಿಣಿ ನೆಲಕ್ಕೆ ಹಾಕಿದ. ಹೆಂಡತಿಯ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದ. ಅವಳ ಕಾಲು ಮರಗಟ್ಟಿದ್ದವು, ನಿಲ್ಲಲಾಗಲಿಲ್ಲ.

ಅಣ್ಣಾಸಾಹೇಬ ಕಟ್ಟೆ ಇಳಿದ. ಹೋಗುವ ಮುಂದೆ ಅದೇ ಮೆತ್ತಗಿನ ದನಿಯಲ್ಲಿ ಅಂದ, "ಅಮಾಸಿ ತನಾ ಇರಬಹುದು. ಅಮಾಸಿ ಆದ ಮ್ಯಾಲ ಈ ಮೂರು ಮಂದಿ ನನ್ನ ಜಾಗಾದಾಗ ಕಾಣಬಾರದು. ಅಲ್ಲೀ ತನಾ ನೀರು ಕೊಡಬ್ಯಾಡ್ರಿ."

ಬಿದ್ದ ಮಿಣಿಯನ್ನು ದುರಗವ್ವ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

ಮರುದಿನ ಅಳೆಯುವ ಮಂದಿ ಬಂದರು. ಅಣ್ಣಾಸಾಹೇಬ ತಾನೇ ಮುಂದೆ ನಿಂತು ದೊಡ್ಡ ಹಗೇವು ತೋರಿಸಿದ. ತಾನು ಉಣ್ಣಲಾಗದ ಜೋಳ, ಲೇವಿಗೆ ಕೊಟ್ಟರೆ ನಷ್ಟವೇನು? ಒಂದು ಹಗಲು ಒಂದು ರಾತ್ರಿ ತೆರೆದಿದ್ದ ಹಗೇವಿನಲ್ಲಿ ಆಗ ದೀಪ ನಿಂತಿತು. ಇಳಿದವನು ಕೇರಿಯ ಕಡೆಯ ಗುಡಿಸಲ ಸಾಬವ್ವನ ಗಂಡ. ಮನೆಯಲ್ಲಿ ಹುಣಸೆ ಬೀಜವೂ ತೀರಿತ್ತು, ಇಳಿದ. ಅವನ ಮೇಲೆ ಸಿಟ್ಟಾಗಲು ತಾಯವ್ವನಲ್ಲಿ ಶಕ್ತಿ ಇರಲಿಲ್ಲ. ಹೊರಗಾದವಳು ಕಾಲು ಇಳಿಬಿಟ್ಟ ಹಗೇವಿನ ಜೋಳ ಬಂಡಿ ಏರಿ ಬನಹಟ್ಟಿಗೆ ಹೋಯಿತು. ನೇಕಾರರು ಬೀಸಿ ರೊಟ್ಟಿ ಮಾಡಿ ಉಂಡರು. ಯಾರ ಜಾತಿಯೂ ಕೆಡಲಿಲ್ಲ. ಯಾವ ದೇವರೂ ಮುನಿಯಲಿಲ್ಲ.

ಆದರೆ ಅದು ತಾಯವ್ವನಿಗೆ ಗೊತ್ತಾಗುವುದು ಹೇಗೆ? ಅವಳಿಗೆ ಹೆದರಿಕೆ ಬೇರೆ. ಬಾಯಿಬಿಟ್ಟು ಆಡಿದ ಮಾತು ಹೊಟ್ಟೆಗೆ ಕೇಳಿಸಿತೇನೋ ಎಂಬ ಹೆದರಿಕೆ. ಇಲ್ಲದ ನೆತ್ತರನ್ನು ಇದೆ ಎಂದಿದ್ದಳು, ಅದು ಬಂದೇ ಬಿಟ್ಟರೆ? ಬೆನ್ನ ಬಾಸುಂಡೆಗೆ ದುರಗವ್ವ ಎಣ್ಣೆ ಸವರುವಾಗ ಅವಳ ಕಣ್ಣು ಸೀರೆಯ ಮೇಲೆ. ಏಳುವಾಗ ನೋಡುತ್ತಿದ್ದಳು, ಕೂರುವಾಗ ನೋಡುತ್ತಿದ್ದಳು. ಕೇರಿಯವರು ಕದ್ದು ಮುಚ್ಚಿ ತಂದ ನೀರು ಕುಡಿಯುವಾಗಲೂ ನೋಡುತ್ತಿದ್ದಳು. ದುರಗವ್ವ ದ್ಯಾಮವ್ವನ ಕಡೆ ಮುಖ ಮಾಡಿ ತನ್ನ ಕೆನ್ನೆಗೆ ತಾನೇ ಬಡಿದುಕೊಳ್ಳುತ್ತಿದ್ದಳು.

ಅಮಾವಾಸ್ಯೆಯ ದಿನ ಯಾರೂ ಊರು ಬಿಟ್ಟು ಹೊರಡುವುದಿಲ್ಲ. ಅವರು ಹೊರಟರು. ಗಲಗಲಿಯಲ್ಲಿ ಕೃಷ್ಣೆಯ ದಂಡೆಗೆ ದುರಗವ್ವನ ತವರಿತ್ತು. ಆ ಕಡೆ ಇಂಗ್ರೇಜಿ ಸರಕಾರದ ಮುಲುಕು, ಸಂಸ್ಥಾನದ ಮಾತು ನಡೆಯುವುದಿಲ್ಲ ಎನ್ನುತ್ತಿದ್ದರು. ಗಂಟು ಕಟ್ಟುವಾಗ ಈರಪ್ಪ ಮತ್ತೆ ಬೇವಿನ ಗಿಡದ ಆಚೆ ಬಂದು ನಿಂತ.

"ಮಿಣಿ ಇಟ್ಟ ಹೋಗ್ಬೇಕಂತ. ವಾಡೇ ಚಾಕರೀದಂತ ಅದು."

ದುರಗವ್ವ ಗುಡಿಸಲಿಂದ ಹೊರಗೆ ಬಂದಳು. "ತೊಗಲ ಸುಲದವರು ನಾವು. ಹದಾ ಹಾಕಿ ಹೆಣದವರು ನಾವು. ಅದರಾಗ ಸತ್ತಾಂವ ನನ್ನ ಮಗ. ವಾಡೇದೇನೈತಿ ಅದರಾಗ?"

"ಇಲಿ ಕಡದ ಹಾಳ ಮಾಡ್ಯಾವಂತ ಹೇಳತೇನಿ ಬಿಡು" ಎಂದ ಈರಪ್ಪ. ಹೋಗಲು ತಿರುಗಿದವನು ಮತ್ತೆ ನಿಂತು ತಾಯವ್ವನಿಗೆ ಹೇಳಿದ, "ತಂಗೀ, ನಾ ಬಿಗಿ ಹೊಡೀಲಿಲ್ಲ."

"ಹೊಡಸ್ಕೊಂಡಾಕಿಗೆ ಗೊತ್ತೈತಿ" ಎಂದಳು ತಾಯವ್ವ.

ಮಿಣಿಯಿಂದ ಚಂದಪ್ಪ ಗಂಟು ಬಿಗಿದ. ಬೀಸುವ ಕಲ್ಲು, ಕಂಬಳಿ, ಎರಡು ಗಡಿಗೆ. ಅಷ್ಟೇ ಇದ್ದದ್ದು. ಹೊತ್ತು ಏರುವ ಮುಂಚೆ ದಿಬ್ಬ ಇಳಿದರು. ದಾರಿಯುದ್ದ ತಾಯವ್ವ ಹಿಂದೆ ನೋಡುತ್ತಿದ್ದಳು. ಎಲ್ಲೋ ಧೂಳೆದ್ದರೆ ವಾಡೆಯ ಕುದುರೆ ಎನಿಸುತ್ತಿತ್ತು. ಒಮ್ಮೆ ಜಾಲಿಯ ಮರೆಗೆ ಮೂವರೂ ಕವುಚಿ ಕೂತರು. ಬಂದದ್ದು ಕುರಿಹಿಂಡು.

ಸಂಸ್ಥಾನದ ಎಲ್ಲೆ ತೋರುವ ಹದ್ದಿನ ಕಲ್ಲು ದಾಟಿದ ಮೇಲೆ ತಾಯವ್ವ ಒಂದು ಗಿಡದ ಹಿಂದೆ ಹೋಗಿ ಸೀರೆ ಬಿಡಿಸಿ ನೋಡಿಕೊಂಡಳು. ಸೀರೆಯ ಅಂಚು ಧೂಳಾಗಿತ್ತು, ಅಷ್ಟೇ. ಮತ್ತೇನೂ ಇರಲಿಲ್ಲ. ತಿರುಗಿ ಬಂದು ಅತ್ತೆಯ ಕಡೆ ನೋಡಿ ಏನೂ ಇಲ್ಲವೆಂದು ತಲೆಯಾಡಿಸಿದಳು. ದುರಗವ್ವ ಕಲ್ಲಿಗೆ ಒರಗಿ ಕೂತು ಅತ್ತಳು. ಹಿರಿಮಗ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ಯಾಕ, ಏನಾತು?" ಎಂದ ಚಂದಪ್ಪ ಗಾಬರಿಯಾಗಿ.

"ನಿನ್ನ ಹೇಣತಿ ಹೊರಗಾಗಿಲ್ಲೋ" ಎಂದಳು ಮುದುಕಿ. "ಹೊರಗಾಗಿ ಮೂರ ತಿಂಗಳಾತು."

ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಹೆಂಡತಿಯ ತಲೆಯ ಮೇಲಿನ ಗಂಟು ಇಳಿಸಿ ತನ್ನ ಗಂಟಿನ ಮೇಲೆ ಹೇರಿಕೊಂಡ. ಕಣ್ಣು ಮಾತ್ರ ಬಂದ ದಾರಿಯ ಮೇಲೆಯೇ ಇದ್ದವು. ಹೆದರಿಕೆ ಇನ್ನೂ ಹಿಂದೆಯೇ ಬರುತ್ತಿತ್ತು. ಮುಂದೆ ನಡೆದರು.

ಹಿರೇದಿನ್ನಿ ಬಿಟ್ಟು ಮೂವರು ಹೋದರೆಂದು ವಾಡೆ ತಿಳಿಯಿತು. ಹೋದವರು ದುರಗವ್ವ, ಅವಳ ಉಳಿದ ಮಗ ಚಂದಪ್ಪ, ಸೊಸೆ ತಾಯವ್ವ, ಮತ್ತು ಇನ್ನೂ ಯಾರ ಜಾಗದಲ್ಲೂ ಹುಟ್ಟಿರದ ಒಂದು ಉಸಿರು. ಬಾದಾಮಿ ಅಮಾವಾಸ್ಯೆ, ಶುಕ್ರವಾರ.